ಮರವಿಲ್ಲದ ಕಡೆ ಬಿದ್ದ ಕಾಯಿ

೯ ಜೂನ್ ೨೦೨೫, ಸೋಮವಾರ

ಇವತ್ತು ಓಂಕಾರಮೂರ್ತಿ ಸಾಹೇಬರು ನನ್ನ ತಲೆಗೆ ಮೊಟಕಿದರು. ಬರೆದಿಡುವಂಥ ವಿಷಯವೇನಲ್ಲ. ಯಾರಿಗೂ ಹೇಳೋ ಹಾಗಿಲ್ಲ, ಅದಕ್ಕೇ ಬರೀತಿದೀನಿ.

ತಪ್ಪು ನನ್ನದೇ. ನಮ್ಮ ತೆಂಗಿನ ಕಾಯಿಪುಡಿ ಫ್ಯಾಕ್ಟರಿಯಲ್ಲಿ ನನ್ನ ಕೆಲಸ ಕಾಯಿ ತಟ್ಟೋದು. ಸಿಂಗಟಗೆರೆ ಕಡೆಯಿಂದ ಲೋಡು ಬಂದು ಸುರಿದ ಮೇಲೆ ಒಂದೊಂದೇ ಕಾಯಿ ಎತ್ತಿ, ಬೆರಳಿನ ಗೆಣ್ಣಿಂದ ತಟ್ಟಿ, ಕಿವಿ ಕೊಡಬೇಕು. ಗಟ್ಟಿ ಕಾಯಿ ಒಂಥರ ಮಾತಾಡ್ತದೆ, ಎಳಸು ಒಂಥರ, ಪೊಳ್ಳು ಒಂಥರ. ಇವತ್ತು ಒಂದು ಕೊಳೆತದ್ದು ನನ್ನ ಕೈ ತಪ್ಪಿ ಒಳಗೆ ಹೋಯ್ತು. ತೊಟ್ಟಿ ಪುಡಿಯೆಲ್ಲ ನಾರಿತು. ಸಾಹೇಬರು ಬಂದರು. ಚಿಪ್ಪು ತೆಗೆಯೋ ಹೆಂಗಸರೆಲ್ಲ ನೋಡ್ತಿದ್ದಂಗೆ ಬೆರಳು ಮಡಚಿ ನಡುನೆತ್ತಿಗೆ ಟಣ್ ಅಂತ ಒಂದು ಕೊಟ್ಟರು. ಒಳಗೆ ನೀರಾದ್ರೂ ಐತೇನಪ್ಪಾ ಭೈರೇಶ ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಹೊಡೆದದ್ದೇನಲ್ಲ. ಸ್ಕೂಲಲ್ಲಿ ಮೇಷ್ಟ್ರು ಮೊಟಕಿಲ್ಲವಾ, ಸೋದರಮಾವ ಮೊಟಕಿಲ್ಲವಾ? ಪ್ರೀತಿ ಇದ್ದೋರೇ ಮೊಟಕೋದು. ಸಾಹೇಬರು ಮ್ಯಾನೇಜರಾಗಿ ಇಲ್ಲಿಗೆ ಬರೋ ಮುಂಚೆ ಕಡೂರಲ್ಲಿ ಟ್ಯೂಷನ್ ನಡೆಸ್ತಿದ್ದರಂತೆ. ಕೈಗೆ ಅಭ್ಯಾಸ ಆಗಿರ್ತದೆ. ನನಗೆ ನಲವತ್ತೊಂದು ವಯಸ್ಸು ಅನ್ನೋದು ಅವರ ಕೈಗೆ ಹೆಂಗೆ ಗೊತ್ತಾಗಬೇಕು?

ಸಂಜೆ ಮಗಳು ಸ್ಫೂರ್ತಿ ಭಿನ್ನರಾಶಿ ಲೆಕ್ಕ ತಪ್ಪು ಮಾಡಿ ತಂದಳು. ತಲೆಗೊಂದು ಮೊಟಕಿದೆ. ಎಂಟನೇ ಕ್ಲಾಸಿಗೆ ಬಂದಿದಾಳೆ, ಇಷ್ಟು ಬರಬೇಡವಾ?

೧೨ ಜೂನ್, ಗುರುವಾರ

ಇವತ್ತೂ ಒಂದು. ಕಾರಣ ಗೊತ್ತಾಗಲಿಲ್ಲ. ಅಭ್ಯಾಸ ಆದ ಮೇಲೆ ಕಾರಣ ಯಾತಕ್ಕೆ. ಊಟಕ್ಕೆ ಕೂತಾಗ, ಯಾವಾಗ್ಲೂ ನೆತ್ತಿ ಯಾಕೆ ಸವರ್ಕೊಂತೀರಿ ಅಂತ ಸುಲೋಚನಾ ಕೇಳಿದಳು. ಹೊಟ್ಟು ಅಂದೆ. ಹೆಂಡತಿಗೆ ನಿಜ ಹೇಳೋಕೆ ಆಗ್ತದಾ? ಶಾಂಪೂ ತಂದಿಟ್ಟಿದಾಳೆ.

೧೬ ಜೂನ್, ಸೋಮವಾರ

ವಿಚಿತ್ರ ನಡೀತು. ಒಂದು ರೀತಿಯಲ್ಲಿ ಒಳ್ಳೇದೇ ಆಯ್ತು.

ಬೆಳಿಗ್ಗೆ ಹಾಜರಿಗೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಸಾಹೇಬರು ಭಾಷಣ ಮಾಡಿದರು. ಕಾಯಿಗಾದರೆ ತಟ್ಟಿ ನೋಡಿ ಬೆಲೆ ಕಟ್ತೀವಿ, ಆಳಿಗೆ ಮಾತ್ರ ನೋಡದೇ ಸಂಬಳ ಕೊಡ್ತೀವಿ, ಇದು ಯಾವ ನ್ಯಾಯ ಅಂದರು. ಇನ್ಮೇಲೆ ದಿನಾ ತಲೆ ತಪಾಸಣೆ. ಗಟ್ಟಿ ತಲೆ ಮೆಷಿನ್ನಿಗೆ, ಎಳಸು ತಲೆ ಚಿಪ್ಪು ತೆಗೆಯೋಕೆ, ಪೊಳ್ಳು ತಲೆ ಮೂಟೆ ಹೊರೋಕೆ. ಒಂದೊಂದೇ ತಲೆ ಮೊಟಕ್ತಾ ಬಂದರು. ಟಣ್, ಟಣ್, ಟಣ್. ಅಕೌಂಟೆಂಟ್ ಗುರುಮೂರ್ತಿ ತಲೆ ಹತ್ತಿರ ಬಂದಾಗ ಕೈ ಇಳಿಸಿ, ಊಟಕ್ಕೆ ಏನ್ರೀ ಇವತ್ತು ಅಂತ ಕೇಳಿ ಮುಂದಕ್ಕೆ ಹೋದರು. ಗುರುಮೂರ್ತಿ ಅವರ ಪೈಕಿ. ಅವರ ಪೈಕಿ ತಲೆಗಳು ಹುಟ್ಟುತ್ತಲೇ ಪಾಸಾಗಿರ್ತವೆ.

ಮೊಟಕೋದು ಮೊಟಕಿದರು, ಆದರೆ ಶಬ್ದ ಅವರಿಗೆ ತಿಳೀಲಿಲ್ಲ. ಆಗ ನನ್ನ ಕರೆದರು. ಮೊಟಕೋದು ನಾನು, ಕೇಳೋದು ನೀನು ಅಂದರು. ಅವರ ಪಕ್ಕ ನಿಂತೆ. ಅವರು ಮೊಟಕಿದರೆ ನಾನು ಗಟ್ಟಿ, ಎಳಸು, ಪೊಳ್ಳು ಅಂತ ಕೂಗಬೇಕು. ಪೊಳ್ಳು ಅಂದವರ ಬೆನ್ನಿಗೆ ಸೀಮೆಸುಣ್ಣದಲ್ಲಿ ಗುಂಡಗೆ ಗುರುತು.

ಪಕ್ಕದಲ್ಲಿ ನಿಂತೋನ ತಲೆಗೆ ಮೊಟಕಲ್ಲ. ಅಷ್ಟಾಯ್ತಲ್ಲ.

೨೧ ಜೂನ್, ಶನಿವಾರ

ನನಗೆ ಸ್ಟೂಲ್ ಕೊಟ್ಟಿದಾರೆ. ಸಾಹೇಬರ ಟೀ ಬರೋ ಫ್ಲಾಸ್ಕಿಂದಲೇ ನನಗೂ ಅರ್ಧ ಲೋಟ. ತಲೆ ಶಬ್ದಕ್ಕೂ ಕಾಯಿ ಶಬ್ದಕ್ಕೂ ಸಂಬಂಧವೇ ಇಲ್ಲ. ಕೂದಲು ಜಾಸ್ತಿ ಇದ್ದೋರದ್ದು ಮಂಕು, ಬೋಳಾದೋರದ್ದು ಖಣಖಣ, ಅಷ್ಟೆ. ಬಾಯಿಗೆ ಬಂದದ್ದು ಕೂಗ್ತೀನಿ. ಮೊದಲ ದಿನ ಬೇಜಾರಾಯ್ತು. ಈಗ ಬಾಯಿ ತಾನೇ ಕೂಗ್ತದೆ.

ಬಾಯ್ಲರ್ ನೋಡ್ಕೊಳ್ಳೋ ಅಶ್ಫಾಕ್ ಮೊನ್ನೆ ಮೆಷಿನ್ ಬೆಲ್ಟಿಗೆ ಜಾಲರಿ ಹಾಕಿಸಿ ಅಂತ ಕೇಳಿದ್ದ. ಸಾಹೇಬರಿಗೆ ಅದು ಹಿಡಿಸಿರಲಿಲ್ಲ. ಇವತ್ತು ಅವನ ತಲೆ ಮೊಟಕಿ ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. ಪೊಳ್ಳು ಅಂದೆ. ಬಾಯ್ಲರ್ ಬಿಡಿಸಿ ಮೂಟೆಗೆ ಹಾಕಿದರು.

ಅವನ ಹೆಂಡತಿ ಫಿರ್ದೋಸ್ ಚಿಪ್ಪು ತೆಗೆಯೋ ಕಡೆ ಇದಾಳೆ. ಟೀ ಹೊತ್ತಲ್ಲಿ ಹತ್ತಿರ ಬಂದು, ನಮ್ಮ ಮನೆಯೋರ ತಲೆ ಪೊಳ್ಳೇ ಇರಬಹುದು ಭೈರೇಶಣ್ಣಾ, ನಿನ್ನ ಬೆನ್ನೊಳಗೆ ಏನಾದ್ರೂ ಐತಾ ತಟ್ಟಿ ನೋಡ್ಲಾ ಅಂತ ಕೇಳಿ ಹೋದಳು. ಹೆಂಗಸರ ಬಾಯಿಗೆ ಸಿಗಬಾರದು.

ಸ್ಫೂರ್ತಿ ಈಗೀಗ ಓದೋಕೆ ಬಾಗಿಲ ಆಚೆ ಕೂರ್ತಾಳೆ. ಅಲ್ಲಿ ಬೆಳಕು ಜಾಸ್ತಿಯಂತೆ.

೨೫ ಜೂನ್, ಬುಧವಾರ

ಹೆಂಗೆ ಬರೀಲಿ.

ತಪಾಸಣೆಯಲ್ಲಿ ಸಾಹೇಬರ ಕೈ ಬರೋದನ್ನ ನೋಡಿ ಅಶ್ಫಾಕ್ ತಲೆ ತಗ್ಗಿಸಿಬಿಟ್ಟ. ಗಾಳಿಗೆ ಮೊಟಕಿದಂಗಾಯ್ತು. ಹಿಂದೆ ಯಾರೋ ಕಿಸಕ್ಕಂದರು. ಸಾಹೇಬರು ಕೆಂಪಾಗಿ ಬಲಗೈ ಬೀಸಿ ಅವನ ಎಡಗಿವಿಗೆ ಬಾರಿಸಿದರು. ಅವನು ಮೂಟೆ ಮೇಲೆ ಬಿದ್ದ. ಎದ್ದು ಕೂತು, ಬಾಯ್ಲರ್ ಸೀಟಿ ಯಾಕೆ ನಿಲ್ಲಿಸ್ತಿಲ್ಲ ಅಂತ ಎಲ್ಲರನ್ನೂ ಕೇಳ್ತಿದ್ದ. ಸೀಟಿ ಎಲ್ಲೂ ಇರಲಿಲ್ಲ. ಕಿವಿಯಿಂದ ರಕ್ತ ಸಣ್ಣಗೆ ಇಳೀತಿತ್ತು.

ಕಂಪನಿ ವ್ಯಾನಲ್ಲಿ ತರೀಕೆರೆಗೆ ಕರ್ಕೊಂಡು ಹೋದ್ವಿ, ನಾನು, ಗುರುಮೂರ್ತಿ, ಫಿರ್ದೋಸ್. ಕಿವಿಯ ತಮಟೆ ಹರಿದಿದೆ ಅಂದರು ಡಾಕ್ಟರು. ಹೆಂಗಾಯ್ತು ಅಂತ ಕೇಳಿದರು. ಅಶ್ಫಾಕನಿಗೆ ಕೇಳಿಸಲಿಲ್ಲ. ಫಿರ್ದೋಸ್ ನನ್ನ ಕಡೆ ನೋಡಿದಳು. ತನ್ನ ಸರದಿ ಮುಗಿಸಿ ಅವಳು ಆಗಲೇ ಚಿಪ್ಪಿನ ಶೆಡ್ಡಿಗೆ ಹೋಗಿದ್ದಳು, ಕಣ್ಣಾರೆ ನೋಡಿರಲಿಲ್ಲ. ಗುರುಮೂರ್ತಿಯೂ ನನ್ನ ಕಡೆ ನೋಡಿದ.

"ಕಾಯಿ ಬಿತ್ತು ಡಾಕ್ಟ್ರೇ," ಅಂದೆ.

ವ್ಯಾನಲ್ಲಿ ವಾಪಸ್ ಬರ್ತಾ ಗುರುಮೂರ್ತಿ ನನ್ನ ತೊಡೆ ತಟ್ಟಿದ. ಅದೂ ಒಂಥರ ತಪಾಸಣೆಯೇ. ಪಾಸಾದೆ.

೨೬ ಜೂನ್, ಗುರುವಾರ

ಬುತ್ತಿ ಬಿಚ್ಚದೇ ವಾಪಸ್ ತಂದೆ.

೩೦ ಜೂನ್, ಸೋಮವಾರ

ನಾನು ಹೇಳಿದ ಸುಳ್ಳು ನನಗಿಂತ ಮುಂದೆ ಹೋಗಿದೆ. ಕಾಯಿ ಬಿದ್ದು ಆಳಿಗೆ ಪೆಟ್ಟು ಅಂತ ಧಣಿಗಳಿಗೆ ಸುದ್ದಿ ಹೋಗಿ, ಅವರು ಶಿವಮೊಗ್ಗದಿಂದ ಸೇಫ್ಟಿ ಪರಿಣತ ಆನಂದ್ ಅನ್ನೋರನ್ನ ಕಳಿಸಿದ್ದರು. ಟೈ ಕಟ್ಟಿಕೊಂಡು ಬಂದರು. ಮೊದಲು ಮರ ತೋರಿಸಿ ಅಂದರು.

ಫ್ಯಾಕ್ಟರಿ ಕಾಂಪೌಂಡಲ್ಲಿ ಒಂದೂ ತೆಂಗಿನ ಮರ ಇಲ್ಲ. ಒಂದು ಬೇವಿನ ಗಿಡ ಇದೆ, ಅದಕ್ಕೂ ವ್ಯಾನ್ ಗುದ್ದಿ ವಾಲಿದೆ. ಪರಿಣತರು ಬೇವಿನ ಗಿಡವನ್ನ ಸುತ್ತು ಹಾಕಿದರು. ಹಂಗಾದ್ರೆ ಕಾಯಿ ಎಷ್ಟು ಎತ್ತರದಿಂದ ಬಿತ್ತು ಅಂತ ನನ್ನ ಕೇಳಿದರು. ಸಾಹೇಬರು ಪಕ್ಕದಲ್ಲೇ ನಿಂತಿದ್ದರು. ಕೈ ಎತ್ತಿ ಅವರ ಹೆಗಲ ಮಟ್ಟಕ್ಕೆ ತೋರಿಸಿ, ಇಷ್ಟೆತ್ತರದಿಂದ ಅಂದೆ. ಮೇಲಿಂದ ಬಿತ್ತಾ ಅಂದರು ಪರಿಣತರು. ಇಲ್ಲ, ಪಕ್ಕದಿಂದ ಅಂದೆ. ಪಕ್ಕದಿಂದ ಬೀಳ್ತದಾ ಅಂದರು. ನಮ್ಮ ಕಡೆ ಬೀಳ್ತದೆ ಸಾರ್ ಅಂದೆ. ಅವರು ತಲೆಯಾಡಿಸಿ ಬರ್ಕೊಂಡರು. ಓದಿದೋರು, ನಂಬಿಬಿಟ್ಟರು. ಅಥವಾ ನಂಬೋದು ಅವರ ಕೆಲಸ ಇರಬೇಕು.

ಯಾಕೆ ಸಾಹೇಬರ ಹೆಗಲು ತೋರಿಸಿದೆ ಅಂತ ನನಗೂ ಗೊತ್ತಿಲ್ಲ. ಕೈ ತಾನೇ ಹೋಯ್ತು. ಓಂಕಾರಮೂರ್ತಿಯವರು ಆಮೇಲೆ ಮೂಲೆಗೆ ಕರೆದು, ಜಾಸ್ತಿ ಆಯ್ತು ಕಣೋ ನಿಂದು ಅಂದರು.

ಅಶ್ಫಾಕ್ ಕೆಲಸಕ್ಕೆ ಬಂದಿದಾನೆ. ಬಲಗಡೆ ನಿಂತು ಮಾತಾಡಿದರೆ ಮಾತ್ರ ತಿರುಗ್ತಾನೆ. ಅದೂ ಕೂಗಬೇಕು, ಬಾಯ್ಲರ್ ಸದ್ದಿಗೆ ಆ ಕಿವಿ ಮೊದಲೇ ಮಂದ.

೩ ಜುಲೈ, ಗುರುವಾರ

ಎಲ್ಲರಿಗೂ ಹೆಲ್ಮೆಟ್ ಬಂದಿದಾವೆ. ಹಳದಿ ಬಣ್ಣ. ಗೇಟಲ್ಲಿ ಬೋರ್ಡು ಹಾಕಿದಾರೆ: ಕಾಯಿ ಬೀಳುವ ಸ್ಥಳ, ತಲೆ ಎಚ್ಚರಿಕೆ. ಹಾದಿಲಿ ಹೋಗೋರು ನಿಂತು ಆಕಾಶ ನೋಡ್ತಾರೆ.

ಹೊಡೆಯೋ ಕೈಯನ್ನ ಕೇಳೋರಿಲ್ಲ, ಹೊಡೆಸಿಕೊಳ್ಳೋ ತಲೆಗೆ ಟೋಪಿ. ಈ ದೇಶದಲ್ಲಿ ಪರಿಹಾರ ಅಂದರೆ ಇದೇ. ಏಟು ಹಂಗೇ ಇರಲಿ, ನೀನು ಗಟ್ಟಿಯಾಗು.

ಹೆಲ್ಮೆಟ್ ಹಾಕ್ಕೊಂಡ ಮೇಲೂ ತಪಾಸಣೆ ನಿಂತಿಲ್ಲ. ಆದರೆ ಎಲ್ಲರ ತಲೆಯೂ ಒಂದೇ ಶಬ್ದ ಮಾಡ್ತವೆ. ಪೊಕ್, ಪೊಕ್, ಪೊಕ್. ಗಟ್ಟಿ ಯಾವುದು ಪೊಳ್ಳು ಯಾವುದು ಅಂತ ಸಾಹೇಬರು ಕೇಳಿದರು. ಇನ್ನು ಗೊತ್ತಾಗಲ್ಲ ಅಂದೆ. ಸ್ಟೂಲ್ ಕಿತ್ಕೊಂಡು ಸಾಲಿಗೆ ಕಳಿಸಿದರು. ಒಂದು ಲೆಕ್ಕಕ್ಕೆ ಹಗುರಾಯ್ತು.

೪ ಜುಲೈ, ಶುಕ್ರವಾರ

ಇವತ್ತು ನಕ್ಕು ನಕ್ಕು ಸಾಕಾಯ್ತು. ಆಮೇಲೆ ನಗು ನಿಂತ್ಹೋಯ್ತು.

ಸಾಲಲ್ಲಿ ನನ್ನ ಸರದಿ ಬಂತು. ಓಂಕಾರಮೂರ್ತಿಗೆ ಸದ್ದು ಸಾಲದು ಅನ್ನಿಸಿರಬೇಕು, ಕೈಯನ್ನ ಪೂರ್ತಿ ಎತ್ತಿ ನನ್ನ ಹೆಲ್ಮೆಟ್ಟಿಗೆ ಗುದ್ದಿದರು. ಲಟಕ್ ಅಂತು. ಹೆಲ್ಮೆಟ್ ಅಲ್ಲ, ಬೆರಳು. ಕೈ ಹಿಡ್ಕೊಂಡು ಬೇವಿನ ಗಿಡದ ಸುತ್ತ ಕುಣಿದರು. ನನಗೆ ತಲೆ ಮೇಲೆ ಹಕ್ಕಿ ಕೂತಂಗೂ ಆಗಲಿಲ್ಲ. ಫಿರ್ದೋಸ್ ತಲೆವಸ್ತ್ರ ಬಾಯಿಗೆ ತುರುಕಿಕೊಂಡು ನಗ್ತಿದ್ದಳು. ಏನಾಯ್ತು ಅಂತ ಅಶ್ಫಾಕನಿಗೆ ಯಾರೋ ಕೈಸನ್ನೆಯಲ್ಲಿ ತೋರಿಸಿದರು. ಅವನು ನಗಲಿಲ್ಲ.

ಓಂಕಾರಮೂರ್ತಿಯ ಬಲಗೈಗೆ ಮೊಣಕೈವರೆಗೆ ಪ್ಲಾಸ್ಟರ್.

೭ ಜುಲೈ, ಸೋಮವಾರ

ನನಗೆ ನೋಟೀಸ್ ಬಂದಿದೆ. ಕರ್ತವ್ಯದಲ್ಲಿದ್ದ ಮ್ಯಾನೇಜರ್ ಅವರ ಕೈಗೆ ನಿಮ್ಮ ತಲೆಯಿಂದ ಗಾಯವಾಗಿದ್ದು, ನಿಮ್ಮ ಮೇಲೆ ಯಾಕೆ ಕ್ರಮ ಜರುಗಿಸಬಾರದು.

ಮೂರು ಸಲ ಓದಿದೆ. ಸುಲೋಚನಾ ಓದಿದಳು. ಶಾಂಪೂ ಯಾಕೆ ಬೇಕಾಯ್ತು ಅಂತ ಅವಳಿಗೆ ಇವತ್ತು ಗೊತ್ತಾಯ್ತು. ಬೈತಾಳೆ ಅಂದ್ಕೊಂಡೆ. ನೋಟೀಸನ್ನ ಮಡಚಿ ಡಬ್ಬಿ ಕೆಳಗಿಟ್ಟು, ಇಷ್ಟು ದಿನ ಒಬ್ಬರೇ ಹೊತ್ಕೊಂಡಿದ್ರಾ ಅಂದಳು. ಆಮೇಲೆ, ಕೆಲಸ ಹೋದ್ರೆ ಹೆಂಗೆ ಅಂತಲೂ ಅಂದಳು. ಎರಡೂ ನಿಜವೇ. ಬೀರೂರಿಂದ ಅಜ್ಜಂಪುರದವರೆಗೆ ಕಾಯಿ ತಟ್ಟೋ ಕೆಲಸ ಇರೋದು ಈ ಒಂದೇ ಕಡೆ.

ನಾವು ಮಾತಾಡ್ತಿದ್ದಾಗ ಸ್ಫೂರ್ತಿ ಪುಸ್ತಕ ತಂದು ಪಕ್ಕದಲ್ಲೇ ಕೂತಳು. ಲೆಕ್ಕ ತಪ್ಪಿತ್ತು. ಹಿಂಗಲ್ಲ ಹಿಂಗೆ ಅಂತ ತೋರಿಸಿದೆ. ಆಚೆ ಬೆಳಕು ಕಮ್ಮಿ ಇತ್ತೇನೋ.

೯ ಜುಲೈ, ಬುಧವಾರ

ಈರಭದ್ರಪ್ಪನವರು ಕರೆಸಿದ್ದರು. ಅಜ್ಜಂಪುರದಲ್ಲಿ ಕೊಬ್ಬರಿ ಮಂಡಿ ಅವರದು, ಧಣಿಗಳಿಗೆ ಬೇಕಾದೋರು. ನಮ್ಮ ಕಡೆ ಯಾವ ಜಗಳವೂ ಅವರ ಜಗುಲಿ ಹತ್ತದೆ ಇಳಿಯಲ್ಲ. ಓಂಕಾರಮೂರ್ತಿ ಕುರ್ಚಿಯಲ್ಲಿ ಕೂತಿದ್ದ, ಪ್ಲಾಸ್ಟರ್ ಕೈಯನ್ನ ದಿಂಬಿನ ಮೇಲೆ ಮಗು ಮಲಗಿಸಿದಂಗೆ ಮಲಗಿಸಿ.

ಈರಭದ್ರಪ್ಪನವರು ನ್ಯಾಯ ಹೇಳಿದರು. ಅವನು ದೊಡ್ಡ ಸ್ಥಾನದಲ್ಲಿರೋನು, ಆಳುಗಳ ಮುಂದೆ ಕುಣಿಯೋ ಹಂಗಾಯ್ತು, ಅವನ ಮಾನವೂ ಉಳೀಬೇಕು, ನಿನ್ನ ಕೆಲಸವೂ ಉಳೀಬೇಕು. ಅದಕ್ಕೆ ಶನಿವಾರ ಎಲ್ಲರ ಮುಂದೆ ಹೆಲ್ಮೆಟ್ ತೆಗೆದು ನಿಂತ್ಕೊ, ತಪ್ಪಾಯ್ತು ಅನ್ನು, ಶಾಸ್ತ್ರಕ್ಕೆ ಅಂತ ಎಡಗೈಯಲ್ಲಿ ಮೆತ್ತಗೆ ಒಂದು ಮೊಟಕ್ತಾನೆ, ಮುಗೀತು. ನೋಟೀಸು ಹರಿದು ಹಾಕ್ತಾರೆ.

ನಾನು ಅಶ್ಫಾಕನ ಕಿವಿ ವಿಷಯ ಎತ್ತಿದೆ. ಅದು ಕಾಯಿ ಬಿದ್ದಿದ್ದಲ್ವೇನಪ್ಪಾ, ನೀನೇ ಹೇಳಿದ್ದಲ್ವಾ ಅಂದರು. ಹೂಂ ಅಂದು ಬಂದೆ.

ಬಸ್ ಸ್ಟ್ಯಾಂಡಲ್ಲಿ ಫಿರ್ದೋಸ್ ಸಿಕ್ಕಳು. ಈರಭದ್ರಪ್ಪನ ಜಗುಲಿಯಲ್ಲಿ ಏನಾಯ್ತು ಅಂತ ಅವಳಿಗೆ ಆಗಲೇ ಗೊತ್ತಿತ್ತು. ಈ ಸಲ ಕೊಂಕು ಮಾತು ಬರಲಿಲ್ಲ.

"ರಾತ್ರಿ ಪಾಪು ಎಡಗಡೆ ಮಲಗಿ ಅತ್ತರೆ ಅವರಿಗೆ ಎಚ್ಚರ ಆಗಲ್ಲ ಅಣ್ಣಾ. ಕಾಯಿ ಬಿತ್ತು ಅಂದ್ರೆ ಯಾರ ಮೇಲೆ ಕೇಸ್ ಹಾಕೋದು, ತೆಂಗಿನ ಮರದ ಮೇಲಾ? ನೋಡಿದೋನು ನೀನು, ಡಾಕ್ಟ್ರಿಗೆ ಕಾಯಿ ಅಂತ ಹೇಳಿದೋನೂ ನೀನು. ಹೇಳೋದಾದ್ರೆ ನೀನೇ ಹೇಳಬೇಕು."

ಬಸ್ಸು ಬಂತು. ಹತ್ತಿದೆ. ಸೀಟಿದ್ದರೂ ಕೂರೋಕೆ ಆಗಲಿಲ್ಲ.

೧೧ ಜುಲೈ, ಶುಕ್ರವಾರ

ನಾಳೆ ಅದು. ಮೆತ್ತಗೆ ಒಂದೇ ಒಂದು. ಕಣ್ಣು ಮುಚ್ಚಿದರೆ ಮುಗೀತದೆ.

೧೨ ಜುಲೈ, ಶನಿವಾರ

ಬೇವಿನ ಗಿಡದ ಕೆಳಗೆ ಎಲ್ಲರನ್ನೂ ಸೇರಿಸಿದ್ದರು. ಈರಭದ್ರಪ್ಪನವರಿಗೆ ಕುರ್ಚಿ. ಗುರುಮೂರ್ತಿ ಮೊಬೈಲಲ್ಲಿ ವಿಡಿಯೋ ಮಾಡೋಕೆ ನಿಂತಿದ್ದ, ಧಣಿಗಳಿಗೆ ತೋರಿಸಬೇಕಂತೆ. ಹೆಲ್ಮೆಟ್ ತೆಗೆದೆ. ತಲೆ ಬಗ್ಗಿಸಿದೆ. ಬಗ್ಗಿಸಿದಾಗ ಅಶ್ಫಾಕನ ಕಾಲು ಕಾಣಿಸಿದವು, ಮೂಟೆ ಹೊತ್ತು ಬಿರುಕು ಬಿಟ್ಟಿದ್ದವು. ಓಂಕಾರಮೂರ್ತಿಯ ಎಡಗೈ ಇಳಿಯೋದು ನೆರಳಲ್ಲಿ ಕಂಡಿತು. ನನ್ನ ಕೈ ಮೇಲೆ ಹೋಗಿ ಅವನ ಮಣಿಕಟ್ಟನ್ನ ಹಿಡ್ಕೊಂಡುಬಿಡ್ತು.

ಬಿಡೋ ಅಂದ. ಬಿಡಲಿಲ್ಲ. ಎಳೆದ. ದಿನಾ ಕಾಯಿ ಎತ್ತೋ ಕೈ ನಂದು, ಅವನದು ರಿಜಿಸ್ಟರ್ ಎತ್ತೋ ಕೈ. ಬರಲಿಲ್ಲ.

"ಅಶ್ಫಾಕನ ಮೇಲೆ ಕಾಯಿ ಬಿದ್ದಿಲ್ಲ," ಅಂದೆ. "ಇವನು ಹೊಡೆದ. ನಾನು ಪಕ್ಕದಲ್ಲೇ ನಿಂತಿದ್ದೆ. ಡಾಕ್ಟ್ರ ಹತ್ರ ಸುಳ್ಳು ಹೇಳಿದೆ."

ಮುಂದೇನು ಮಾಡಬೇಕು ಅಂತ ಗೊತ್ತಾಗಲಿಲ್ಲ. ಮ್ಯಾನೇಜರ್ ಕೈ ಹಿಡ್ಕೊಂಡೋರನ್ನ ನಾವು ಯಾರೂ ನೋಡಿದೋರಲ್ಲ. ಹೊಡೆಸಿಕೊಂಡ ಮೇಲೆ ಏನು ಮಾಡಬೇಕು ಅಂತ ಎಲ್ಲರಿಗೂ ಬರ್ತದೆ, ನಗಬೇಕು. ಹಿಡ್ಕೊಂಡ ಮೇಲೆ ಏನು ಮಾಡಬೇಕು ಅಂತ ಯಾರೂ ಹೇಳಿಕೊಟ್ಟಿಲ್ಲ. ಅದಕ್ಕೇ ಹಿಡ್ಕೊಂಡೇ ಇದ್ದೆ. ಅವನು ನಿಂತ, ನಾನೂ ನಿಂತೆ. ಈರಭದ್ರಪ್ಪನವರು ಬಿಡಪ್ಪಾ ಸಾಕು ಅಂದರು. ಬಿಟ್ಟರೆ ಹೊಡೀತಾನೆ ಅಂದೆ. ಅದೂ ಹೌದು ಅಂದು ಚಪ್ಪಲಿ ಹುಡುಕ್ಕೊಂಡು ಮಂಡಿಗೆ ಹೋದರು. ಟೀ ಬೆಲ್ ಆಯ್ತು. ಫಿರ್ದೋಸ್ ಲೋಟ ತಂದು ನನ್ನ ಇನ್ನೊಂದು ಕೈಗೆ ಕೊಟ್ಟಳು. ಅವನಿಗೂ ತಂದಳು, ಆದರೆ ಅವನ ಒಂದು ಕೈ ಪ್ಲಾಸ್ಟರಲ್ಲಿ, ಒಂದು ಕೈ ನನ್ನ ಹತ್ತಿರ. ಅವಳೇ ಕುಡಿಸಿದಳು. ಬಿಸಿ ಇದೆ ಸಾರ್, ಊದ್ಕೊಳ್ಳಿ ಅಂದಳು. ಗುರುಮೂರ್ತಿ ಬಂದು, ನಿಂಗೆ ಹಾಜರಿ ಅರ್ಧ ದಿನ ಹಾಕ್ಲಾ ಇಡೀ ದಿನ ಹಾಕ್ಲಾ ಅಂತ ಕೇಳಿದ. ಇಡೀ ದಿನ ಹಾಕು, ಕೆಲಸ ನಡೀತಾನೇ ಇದೆ ಅಂದೆ. ಆಮೇಲೆ ಓಂಕಾರಮೂರ್ತಿ ಮೂತ್ರಕ್ಕೆ ಹೋಗಬೇಕು ಅಂದ. ಹೋದ್ವಿ. ಅದನ್ನ ಬರೆಯಲ್ಲ.

ಗುರುಮೂರ್ತಿಯೇ ಪೊಲೀಸಿಗೆ ಫೋನ್ ಮಾಡಿದ್ದು, ಆಳು ಮ್ಯಾನೇಜರನ್ನ ಹಿಡ್ಕೊಂಡಿದಾನೆ ಅಂತ. ಹೆಡ್ ಕಾನ್‌ಸ್ಟೇಬಲ್ ರಂಗಪ್ಪ ಬೈಕಲ್ಲಿ ಬಂದರು. ಗೇಟಿನ ಬೋರ್ಡ್ ಓದಿ, ಹೆಲ್ಮೆಟ್ ತೆಗೆಯದೇ ಒಳಗೆ ಬಂದರು. ಹಳದಿ ಟೋಪಿ ಹಾಕ್ಕೊಂಡು ನಿಂತ ಜನ, ನಡುವೆ ಕೈ ಕೈ ಹಿಡ್ಕೊಂಡ ನಾವಿಬ್ಬರು. ಸುಮಾರು ಹೊತ್ತು ನೋಡಿದರು.

ಬಿಡಯ್ಯಾ ಅಂದರು. ಬಿಟ್ಟರೆ ಹೊಡೀತಾನೆ ಸಾರ್ ಅಂದೆ. ರಂಗಪ್ಪ ಅವನ ಕಡೆ ತಿರುಗಿದರು. ಹೊಡೆಯಲ್ಲ ಅಂತ ಒಂದು ಮಾತು ಹೇಳಿಬಿಡಿ, ಬಿಡ್ತಾನೆ, ನಾನೂ ಹೋಗ್ತೀನಿ ಅಂದರು. ಅಷ್ಟೇ ಬೇಕಾಗಿದ್ದುದು. ಒಂದೇ ಮಾತು. ಹೇಳಿದ್ದರೆ ನಾನು ಬಿಟ್ಟೇಬಿಡ್ತಿದ್ದೆ, ದೇವರಾಣೆ, ಕೈ ಜೋಮು ಹಿಡಿದಿತ್ತು.

ಓಂಕಾರಮೂರ್ತಿ ಯೋಚನೆ ಮಾಡಿದ. ಅವನಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. ಸಿಟ್ಟಲ್ಲ, ಸೊಕ್ಕೂ ಅಲ್ಲ. ನೀರಿಲ್ಲದೆ ಅನ್ನ ಮಾಡು ಅಂದರೆ ಹೆಂಗೆ ನೋಡ್ತಾರೋ ಹಂಗೆ ರಂಗಪ್ಪನ ನೋಡಿದ.

"ಹೊಡೀದೆ ಇವರ ಕೈಲಿ ಕೆಲಸ ಹೆಂಗೆ ಸಾರ್ ಮಾಡಿಸೋದು? ಆ ಅಶ್ಫಾಕನ್ನೇ ನೋಡಿ. ಕಿವಿಗೆ ಒಂದು ಬಿಟ್ಟ ಮೇಲೇ ಬಾಯಿ ಮುಚ್ಕೊಂಡು ಮೂಟೆ ಹೊರ್ತಿರೋದು."

ರಂಗಪ್ಪ ಜೇಬಿಂದ ಪೆನ್ನು ತೆಗೆದರು. ಇನ್ನೊಂದು ಸಲ ಹೇಳಿ, ನಿಧಾನಕ್ಕೆ ಅಂದರು. ಟ್ಯೂಷನ್ ಹೇಳಿದೋನಲ್ವಾ, ಒಂದೊಂದೇ ಪದ ಬಿಡಿಸಿ ಬಿಡಿಸಿ ಹೇಳಿದ. ಬರ್ಕೊಂಡ್ರಾ ಅಂತಲೂ ಕೇಳಿದ. ರಂಗಪ್ಪ ಬಂದಾಗ ಮತ್ತೆ ಶುರುಮಾಡಿದ್ದ ವಿಡಿಯೋ ಆಫ್ ಮಾಡೋದನ್ನೇ ಗುರುಮೂರ್ತಿ ಮರೆತು ನಿಂತಿದ್ದ.

ಆಗ ಬಿಟ್ಟೆ. ಬೆರಳು ನೆಟ್ಟಗಾಗಲಿಲ್ಲ, ಫಿರ್ದೋಸ್ ಬಿಡಿಸಿದಳು. ಅವನ ಮಣಿಕಟ್ಟಿನ ಮೇಲೆ ನನ್ನ ಬೆರಳು ಮೂಡಿದ್ದವು. ಅದನ್ನೂ ಬರ್ಕೊಳ್ಳಿ ಅಂದ. ರಂಗಪ್ಪ ಅದನ್ನೂ ಬರ್ಕೊಂಡರು. ಅವನ ಮೇಲೂ ಕೇಸು, ನನ್ನ ಮೇಲೂ ಕೇಸು. ಸೋಮವಾರ ಗೇಟೊಳಗೆ ಬಿಡಲ್ಲ ಅಂತ ಗುರುಮೂರ್ತಿ ಹೇಳಿ ಕಳಿಸಿದ. ಗೇಟ್ ಆಚೆಯೂ ಜಾಗ ಇದೆ ಅಂದೆ. ಚಿಪ್ಪಿನ ಹೆಂಗಸರು ನಾವೂ ಅಲ್ಲೇ ಕೂರ್ತೀವಿ ಅಂತಿದ್ದರು. ಕೂರ್ತಾರೋ ಇಲ್ಲವೋ, ಸೋಮವಾರ ಗೊತ್ತಾಗ್ತದೆ.

ಅಜ್ಜಂಪುರ ಸ್ಟೇಷನ್ನಿಗೆ ಹೋಗಿ ಹೇಳಿಕೆ ಕೊಟ್ಟೆ. ಅಶ್ಫಾಕ್, ಫಿರ್ದೋಸ್ ಜೊತೆಗಿದ್ದರು. ಬಸ್ ಸ್ಟ್ಯಾಂಡಿಗೆ ಬಂದ ಮೇಲೆ ಅಶ್ಫಾಕ್ ನನ್ನ ತೋಳು ಹಿಡಿದು ನಿಲ್ಲಿಸಿದ. ಅಷ್ಟು ಹೊತ್ತು ಅಲ್ಲೇ ಇದ್ದರೂ ಅವನಿಗೆ ಒಂದು ಮಾತೂ ಕೇಳಿಸಿರಲಿಲ್ಲ. ಓಂಕಾರಮೂರ್ತಿ ಏನಂದ ಅಂತ ಕೇಳಿದ. ನೀನೇನಂದೆ ಅಂತಲೂ ಕೇಳಿದ.

ಅವನ ಬಲಗಡೆಗೆ ಹೋಗಿ ಹೇಳಿದೆ. ಕೇಳಿಸಲಿಲ್ಲ ಅಂತ ತಲೆ ಅಲ್ಲಾಡಿಸಿದ. ಜೋರಾಗಿ ಹೇಳಿದೆ. ಶನಿವಾರದ ಜನ, ಬಸ್ಸಿಗೆ ಕಾಯ್ತಿದ್ದೋರೆಲ್ಲ ತಿರುಗಿ ನೋಡಿದರು. ಈರಭದ್ರಪ್ಪನ ಮಂಡಿ ಎದುರಿಗೇ ಇದೆ, ಅಲ್ಲಿಂದಲೂ ನೋಡಿದರು. ಇನ್ನೂ ಜೋರಾಗಿ ಅಂತ ಅಶ್ಫಾಕ್ ಕೈ ಮಾಡಿದ.

ಹೇಳಿದೆ.